ಮುಳುಗದ ಹೊತ್ತು, ಆರಿದ ಸಾರು

ಹಸಿವಿನ ವಿಷಯದಲ್ಲಿ ನಾನು ಧೀರನಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಹೇಳುವುದು ಸುಲಭ.

ಹೊಸಪೇಟೆಯಲ್ಲಿ ಸಕ್ಕರೆ ಯಂತ್ರಗಳ ರಿಪೇರಿ ಮಾಡಿಕೊಂಡಿದ್ದ ನನ್ನನ್ನು, ಅದೇ ಕೆಲಸ ಚೆನ್ನಾಗಿ ಕಲಿತು ಬಾ ಎಂದು ಕಾರ್ಖಾನೆಯ ಸಾಹುಕಾರರು ಜರ್ಮನಿಯ ಮಾಗ್ಡೆಬರ್ಗಿಗೆ ಕಳಿಸಿದರು. ಹೊರಡುವ ದಿನ ಸ್ಟೇಷನ್ನಿನಲ್ಲಿ ಹೆಂಡತಿ ಗೌರಮ್ಮ ನನ್ನಿಂದ ಒಂದು ಮಾತು ತೆಗೆದುಕೊಂಡಳು. "ಏನ್ರಿ, ಅಲ್ಲೀನೂ ದೀಪ ಹಚ್ಚಿದ ಮ್ಯಾಲೇ ಉಣ್ರಿ. ನಾನೂ ಇಲ್ಲಿ ಆವಾಗ್ಲೇ ಉಣ್ತೀನಿ. ಇಬ್ರೂ ಕೂಡಿ ಉಂಡಂಗ ಆಗ್ತೈತಿ."

ಹೊತ್ತು ಮುಳುಗಿ, ದೀಪ ಹಚ್ಚಿ, ಕೈಮುಗಿದ ಮೇಲೆ ಊಟ. ನಮ್ಮ ಮನೆಯ ಪದ್ಧತಿಯೇ ಅದು. ಹೂಂ ಎಂದೆ. ಹೊತ್ತು ಎಲ್ಲ ಕಡೆಯೂ ಒಂದೇ ರೀತಿ ಮುಳುಗುತ್ತದೆಂದು ನಂಬಿದವನಿಗೆ ಹೂಂ ಎನ್ನಲು ಏನು ಕಷ್ಟ?

ನಾನು ಹೋದಾಗ ಚಳಿಗಾಲ. ನಾಲ್ಕು ಗಂಟೆಗೇ ಕತ್ತಲೆ. ಕೆಲಸದಿಂದ ಬಂದವನೇ ಮೇಣದಬತ್ತಿ ಹಚ್ಚಿ ಊಟಕ್ಕೆ ಕೂರುತ್ತಿದ್ದೆ. ಇಷ್ಟು ಸುಲಭದ ವ್ರತ ಬೇರೊಂದಿಲ್ಲವೆಂದು ಅವಳಿಗೆ ಬರೆದೂಬಿಟ್ಟೆ. ಮೇ ತಿಂಗಳಲ್ಲಿ ಅಣ್ಣನ ಕಾಗದ ಬಂತು. ಗೌರಮ್ಮನಿಗೆ ಜ್ವರ, ಮೂರೇ ದಿನ. ಕಾಗದ ಹಡಗಿನಲ್ಲಿದ್ದಾಗಲೇ ಅವಳ ಕರ್ಮಗಳೆಲ್ಲ ಮುಗಿದಿದ್ದವು. ಅಷ್ಟೂ ಸಂಜೆ ನಾನು ಅವಳ ಜೊತೆ ಉಣ್ಣುತ್ತಿದ್ದೇನೆಂದೇ ತಿಳಿದಿದ್ದೆ.

ಆಮೇಲೆ ಬೇಸಿಗೆ. ನಮ್ಮಲ್ಲಿ ಬೇಸಿಗೆಯೆಂದರೆ ಬಾಗಿಲು ಮುಚ್ಚಿ ಸೂರ್ಯನಿಂದ ಅಡಗುವ ಕಾಲ. ಅಲ್ಲಿಯವರು ನದಿಯ ದಂಡೆಯ ಮೇಲೆ ಒಣಹಾಕಿದ ಹಪ್ಪಳದಂತೆ ಮಲಗುತ್ತಾರೆ. ಹಂಪಿಯ ಬಂಡೆಗಳೂ ಅಷ್ಟು ಶ್ರದ್ಧೆಯಿಂದ ಕಾಯುವುದಿಲ್ಲ. ಈ ಮರ್ಯಾದೆಗೆ ಉಬ್ಬಿದ ಸೂರ್ಯ ಹೋಗಲು ಮನಸ್ಸೇ ಮಾಡುವುದಿಲ್ಲ. ಒಂಬತ್ತಾದರೂ ಆಕಾಶದಲ್ಲಿ ಬೆಳಕು. ಬೀಡುಬಿಟ್ಟ ನೆಂಟನನ್ನು ನೋಡುವಂತೆ ನಾನು ಅವನನ್ನು ನೋಡುತ್ತ ಕಿಟಕಿಯಲ್ಲಿ ಕೂರುತ್ತಿದ್ದೆ. ಕೊಟ್ಟ ಮಾತು ಬಿಡಬಹುದಿತ್ತು, ಕೇಳಲು ಅವಳಿರಲಿಲ್ಲ. ಆದರೆ ನಮ್ಮಿಬ್ಬರ ನಡುವೆ ಉಳಿದದ್ದು ಆ ಊಟ ಒಂದೇ.

ಮನೆಯೊಡತಿ ಮಾರ್ತಾ ನಡುವಯಸ್ಸಿನ ವಿಧವೆ. ಆರಕ್ಕೆ ಸರಿಯಾಗಿ ಆಲೂಗಡ್ಡೆ ಸಾರು ತಂದಿಡುತ್ತಿದ್ದಳು. ಅವಳು ಆಡುತ್ತಿದ್ದುದು ಜರ್ಮನ್; ನನ್ನ ಕಿವಿ ಅದನ್ನು ಹೊಸಪೇಟೆಯ ಮಾತು ಮಾಡಿಕೊಳ್ಳುತ್ತಿತ್ತು.

"ನನ್ನ ಸಾರಿಗೆ ಏನಾಗೈತಪ್ಪ? ದಿನಾ ಆರಿಸ್ತಿಯಲ್ಲ!"

"ಸಾರು ಭಾಳ ಚಲೋ ಐತ್ರಿ, ಅಕ್ಕಾ. ನಿಮ್ಮ ಸೂರ್ಯಂದೇ ತಕರಾರು."

ಒಂದು ದಿನ ಕಾರ್ಖಾನೆಯಲ್ಲಿ ತಲೆಸುತ್ತಿ ಎಣ್ಣೆಯ ಡಬ್ಬಿಯ ಮೇಲೆ ಕುಸಿದೆ. ಎಣ್ಣೆಯಾದ ಪ್ಯಾಂಟಿನಲ್ಲಿ ಮನೆಗೆ ಬಂದವನನ್ನು ಮಾರ್ತಾ ಕಾರಣ ಕೇಳದೆ ಬಿಡಲಿಲ್ಲ. ಗೊತ್ತಿದ್ದ ಜರ್ಮನಿನಲ್ಲಿ ಅರ್ಧ, ಕೈಸನ್ನೆಯಲ್ಲಿ ಅರ್ಧ ಎಲ್ಲ ಹೇಳಿದೆ. ದೀಪದ ಮಾತಿನವರೆಗೆ ನಕ್ಕಳು. ಹಡಗಿನ ಕಾಗದಕ್ಕೆ ಬಂದಾಗ ನಗು ನಿಂತಿತು. ಎದ್ದುಹೋಗಿ, ಮಡಿಸಿಟ್ಟಿದ್ದ ಚಳಿಗಾಲದ ದಪ್ಪ ಪರದೆ ತಂದು ಕಿಟಕಿಗೆ ಎಳೆದು, ಬತ್ತಿ ಹಚ್ಚಿದಳು.

"ತಗೋ, ಕತ್ತಲಾತು. ಉಣ್ಣು. ನಿನ್ನ ಹೆಂಡ್ತಿ ಗಡಿಯಾರ ನೋಡಂಗಿಲ್ಲ."

ಕೈಮುಗಿದು ಉಂಡೆ. ಅರ್ಧ ಊಟದಲ್ಲಿ ಹೊಳೆಯಿತು: ಇಲ್ಲಿ ಆರಾದರೆ ಹೊಸಪೇಟೆಯಲ್ಲಿ ಹತ್ತು ದಾಟಿರುತ್ತದೆ. ಚಳಿಗಾಲದಲ್ಲೂ ನಾನು ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಗೌರಮ್ಮ ಉಂಡು ಮಲಗಿರುತ್ತಿದ್ದಳು. ಒಂದು ದಿನವೂ ನಾವು ಕೂಡಿ ಉಂಡಿರಲಿಲ್ಲ. ಯಂತ್ರದ ಹಲ್ಲಿಗೆ ಹಲ್ಲು ಕೂರಿಸುವ ನನ್ನ ಬುದ್ಧಿಗೆ ಇದು ಹೊಳೆದಿರಲಿಲ್ಲ. ಅವಳಿಗೆ ಹೊಳೆದಿದ್ದರೆ, ನನ್ನನ್ನು ಬೈಯುತ್ತಲೇ ಹತ್ತರವರೆಗೆ ಕಾಯುತ್ತಿದ್ದಳು.

ಸಾರು ಇನ್ನೂ ಬಿಸಿಯಿತ್ತು. ಮತ್ತೊಂದು ಸಲ ಹಾಕಿಸಿಕೊಂಡೆ. ಧೀರನಲ್ಲ ಎಂದು ಮೊದಲೇ ಹೇಳಿದೆನಲ್ಲ.