ಕುಬಸದ ದಿನ ಕೇಳಿದ ದೆವ್ವದ ಸಿನಿಮಾ

ಎರಡು ವರ್ಷದ ಹಿಂದೆ, ರಾಯಾಪುರದ ನಮ್ಮ ಮನೆಯಲ್ಲಿ ನನ್ನ ಕುಬಸ ನಡೆದ ದಿನ ಇದು ಆಗಿದ್ದು. ಸೀಮಂತಕ್ಕೆ ನಮ್ಮ ಕಡೆ ಕುಬಸ ಅನ್ನುತ್ತಾರೆ.

ಚಿಕ್ಕಂದಿನಿಂದ ನನಗೆ ದೆವ್ವದ ಸಿನಿಮಾ ಹುಚ್ಚು. ಊರೆಲ್ಲ ಮೆಚ್ಚಿದ್ದನ್ನಷ್ಟೇ ಅಲ್ಲ, ಮೂರೇ ದಿನಕ್ಕೆ ಟಾಕೀಸಿನಿಂದ ಎತ್ತಂಗಡಿ ಆದದ್ದನ್ನೂ ಬಿಡುವವಳಲ್ಲ. ಅಂಥದ್ದೇ ಒಂದು ಹಳೇ ಸಿನಿಮಾ ನನಗೆ ಪಂಚಪ್ರಾಣ. ಅದರಲ್ಲಿ ಸತ್ತ ತಾಯಿ ದಿನಾ ಬಂದು ಮಗುವಿಗೆ ಕೌದಿ ಹೊದಿಸಿ ಹೋಗುತ್ತಾಳೆ. ದೆವ್ವದ ಪಾತ್ರ ಮಾಡಿದಾಕೆ ವಾಚು ಬಿಚ್ಚುವುದನ್ನೇ ಮರೆತಿದ್ದಾಳೆ ಎಂದು ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ ಬಿಡಿ, ನನಗೆ ಅದೇ ಚೆಂದ.

ಮೊದಲ ಸಲ ಬಸುರಿಯಾದಾಗ ಹುಬ್ಬಳ್ಳಿಗೆ ಹೋಗಿ ಹೊಸದೊಂದು ದೆವ್ವದ ಸಿನಿಮಾ ನೋಡಿ ಬಂದೆ. ಅದೇ ವಾರ ಮೂರು ತಿಂಗಳ ಗರ್ಭ ಹೋಯಿತು. "ಅಂಥಾ ಸಿನಿಮಾ ನೋಡಿದ್ರ ಇನ್ನೇನ್ ಆಗತೈತಿ" ಎಂದರು ಅತ್ತೆ. ಸಿನಿಮಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆದರೂ ಅತ್ತೆಯ ಮಾತು ಎದೆಯಲ್ಲಿ ನಾಟಿಬಿಟ್ಟಿತು. ನಾನೇ ಕೊಂದೆ ಅನ್ನಿಸುತ್ತಿತ್ತು. ಆಮೇಲೆ ಒಂದೇ ಒಂದು ದೆವ್ವದ ಸಿನಿಮಾ ನೋಡಲಿಲ್ಲ.

ಎರಡನೆಯ ಸಲ ಏಳು ತಿಂಗಳಿಗೆ ಕುಬಸ ಇಟ್ಟುಕೊಂಡರು. ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ ಕೂರಿಸಿದರು. ನಮ್ಮಲ್ಲಿ ಬಸುರಿಯ ಬಯಕೆ ಕೇಳುತ್ತಾರೆ, ಕೇಳಿದ ಮೇಲೆ ಇಲ್ಲ ಅನ್ನುವಂತಿಲ್ಲ. ಓಣಿಯ ಹೆಂಗಸರೆಲ್ಲರ ಮುಂದೆ ಅತ್ತೆ ಕೇಳಿದರು, "ಏನ್ ಬೇಕನ್ನಸ್ತೈತಿ ಹೇಳವಾ, ನಾಚ್ಕೋಬ್ಯಾಡ."

ಹೋಳಿಗೆ ಅಂದಿದ್ದರೆ ಮುಗಿಯುತ್ತಿತ್ತು. "ಆ ಕೌದಿ ಹೊದಸೋ ದೆವ್ವದ ಸಿನಿಮಾ ನೋಡಬೇಕನ್ನಸ್ತೈತ್ರಿ" ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು.

ಆರತಿ ತಟ್ಟೆ ಹಿಡಿದವರು ಹಾಗೇ ನಿಂತರು. "ಬ್ಯಾಡ್ರಿ ಅಕ್ಕಾರ, ಒಮ್ಮೆ ಆಗಿದ್ದು ಸಾಲ್ದೇನು?" ಎಂದರು ಪಕ್ಕದ ಮನೆಯ ಹಿರಿಯಾಕೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅತ್ತೆ ಮಾತ್ರ, "ಬಯಕಿ ಕೇಳಿದಾಕಿ ನಾ. ತೀರ್ಸಾಕಿನೂ ನಾನ" ಎಂದರು.

ಮರುದಿನ ಊಟವಾದ ಮೇಲೆ ಮಗನ ಕೈಯಿಂದ ಟಿವಿಯಲ್ಲಿ ಅದನ್ನೇ ಹಾಕಿಸಿ, ನನಗೆ ಅಂಟಿಕೊಂಡು ಕೂತರು. ದೆವ್ವ ಬಂದಾಗಲೆಲ್ಲ "ಶಿವ ಶಿವ" ಅನ್ನುತ್ತ ಮುಖ ಮುಚ್ಚಿಕೊಳ್ಳುವುದು, ಬೆರಳ ಸಂದಿಯಿಂದ ನೋಡುವುದು. ನನಗೆ ದೆವ್ವದ ಹೆದರಿಕೆ ಇರಲಿಲ್ಲ, ಈ ಮಗುವಿಗೂ ಏನಾದರೂ ಆದರೆ ಎಂಬ ಹೆದರಿಕೆ. ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಮಗು ಎಂದಿನಂತೆ ಒದೆಯುತ್ತಿತ್ತು.

ತಾಯಿ ಕೌದಿ ಹೊದಿಸುವ ದೃಶ್ಯ ಬಂದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆವತ್ತ ನಾ ಹಂಗ ಅನ್ನಬಾರದಾಗಿತ್ತವಾ. ನಿಂದೇನೂ ತಪ್ಪಿರ್ಲಿಲ್ಲ. ಸಂಕಟದಾಗ ಬಾಯಿಗೆ ಬಂದಿದ್ದ ಅಂದ್ಬಿಟ್ಟೆ" ಎಂದರು. ನನಗೂ ದುಃಖ ಉಕ್ಕಿ ಬಂತು. ಆ ಮಗು ಹೋದಾಗಲೂ ಇಬ್ಬರೂ ಅಷ್ಟು ಹೊತ್ತು ಅತ್ತಿರಲಿಲ್ಲ.

ಮಗಳು ಹುಟ್ಟಿದಳು, ಈಗ ಮನೆತುಂಬ ಓಡಾಡುತ್ತಾಳೆ. ಹೋದ ಮಗುವನ್ನು ನೆನೆಸಿಕೊಂಡು ಇಂದಿಗೂ ಒಮ್ಮೊಮ್ಮೆ ಅಳುತ್ತೇನೆ. ಆದರೆ ನಾನೇ ಕೊಂದೆ ಎಂದು ಅಳುವುದಿಲ್ಲ.