ಅಕ್ಕಿ ಡಬ್ಬದಲ್ಲಿ ತೋಟಾ

ನಿಜ ಹೇಳಿ, ನಿಮ್ಮಮ್ಮ ಅಕ್ಕಿ ಡಬ್ಬದಲ್ಲಿ ಏನು ಬಚ್ಚಿಡ್ತಿದ್ರು? ಚಿನ್ನದ ಓಲೆ? ಯಾರಿಗೂ ತೋರಿಸದ ಕಾಗದ? ನಮ್ಮನೇಲಿ ಬಂದೂಕಿನ ತೋಟಾ ಇರ್ತಿತ್ತು. ನಗಬೇಡಿ. ಮೊನ್ನೆ ಈ ನನ್ನ ಫೋನು ಬಕೆಟ್ಟಿಗೆ ಬಿತ್ತು, ಅದರಲ್ಲಿ ಟೈಪ್ ಮಾಡೋದು ಕಲಿತು ಇನ್ನೂ ಮೂರು ವಾರ ಆಗಿಲ್ಲ. ಮೊಮ್ಮಗಳು ನಿತ್ಯಾ, "ಪಾಟಿ, ರೈಸಲ್ಲಿ ಇಟ್ರೆ ಸರಿಹೋಗತ್ತೆ" ಅಂತ ಅಕ್ಕಿ ಡಬ್ಬದಲ್ಲಿ ಹೂತಿಟ್ಲು. ಮಾರನೇ ದಿನ ತೆಗೆಯೋಕೆ ಮೊಣಕೈವರೆಗೂ ಕೈ ಇಳಿಸಿದೆ ನೋಡಿ, ತಣ್ಣಗಿನ ಅಕ್ಕಿ, ಆ ತವುಡಿನ ವಾಸನೆ, ತಳದಲ್ಲಿ ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು. ಫೋನೇ ಅಂತ ಗೊತ್ತಿದ್ರೂ ಈ ಮುದುಕಿ ಎದೆ ಎಂಟು ವರ್ಷದ ಹುಡುಗಿ ಥರ ಧಸಕ್ ಅಂತು.

ಆಗ ನಾವು ಪೆರಂಬೂರಲ್ಲಿದ್ವಿ. ಅಪ್ಪನಿಗೆ ರೈಲ್ವೆ ಕೆಲಸ. ಕಾರ್ತಿಕದ ಮಳೆ ನಿಂತ ಮೇಲೆ ವರ್ಷಕ್ಕೊಂದು ಸಲ, ಪಕ್ಕದ ಬೀದಿ ಸುಂದರಂ ಮಾಮನ ಜೀಪಲ್ಲಿ, ಪಳವೇರ್ಕಾಡಿನ ಹಿನ್ನೀರಿಗೆ ಬಾತುಕೋಳಿ ಹೊಡೆಯೋಕೆ ಹೋಗೋರು. ಹದಿನೈದು ದಿನ ಮುಂಚಿಂದಾನೇ ಮನೆ ವಾಸನೆ ಬದಲಾಗೋದು. ಬೂಟ್ಸಿಗೆ ಸವರಿದ ಹರಳೆಣ್ಣೆ, ನೀರಿಳೀದಿರಲಿ ಅಂತ ಕ್ಯಾನ್ವಾಸ್ ಚೀಲಕ್ಕೆ ಉಜ್ಜಿದ ಮೇಣದಬತ್ತಿ, ಗ್ಯಾಸ್‌ಲೈಟಿನ ಸೀಮೆಎಣ್ಣೆ. ಆದ್ರೆ ದೊಡ್ಡ ಕಷ್ಟ ತೋಟಾದ್ದೇ. ಬುಡ ಹಿತ್ತಾಳೆ, ಮೈ ಕೆಂಪು ಕಾಗದ. ರಾಯಪುರಂ ಕಡೆಯಿಂದ ಬರೋ ಸಮುದ್ರದ ಗಾಳಿಗೆ ಕಾಗದ ಉಬ್ಬೋದು. ಅದಕ್ಕೇ ಅಕ್ಕಿ ಡಬ್ಬ. "ಅನ್ನಕ್ಕೂ ಕೊಲೆಗೂ ಒಂದೇ ಡಬ್ಬಾನಾ?" ಅಂತ ಅಮ್ಮ ಗೊಣಗೋರು, ಆಮೇಲೆ ಅದೇ ಡಬ್ಬದಿಂದ ಅಕ್ಕಿ ಅಳೆಯೋರು.

ಮೊಟ್ಟಮಾಡಿಯಲ್ಲಿ, ಅದೇ ತಾರಸಿ ಮೇಲೆ, ಬಿಸಿಲಲ್ಲಿ ಕೂತು ತೋಟಾ ಆರಿಸೋದು ನನ್ನ ಕೆಲಸ. ಅಪ್ಪ ಒಂದು ಹಿತ್ತಾಳೆ ಉಂಗುರ ಕೊಟ್ಟಿದ್ರು. ಅದರೊಳಗೆ ಸಲೀಸಾಗಿ ತೂರಿದ್ರೆ ಪಾಸು, ಸಿಕ್ಕಿಕೊಂಡ್ರೆ ಫೇಲು. ಉಬ್ಬಿದ ತೋಟಾ ನಳಿಗೇಲಿ ಅರ್ಧಕ್ಕೆ ನಿಲ್ಲತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ನಿಂತಿದ್ದನ್ನ ಗುದ್ದಿ ಒಳಗೆ ಕಳಿಸೋಕೆ ಹೋಗಿಯೇ ಸುಂದರಂ ಮಾಮನ ಎಡಗೈಲಿ ಎರಡು ಬೆರಳು ಹೋಗಿದ್ದು. ನಮ್ಮನೆಗೆ ಬಂದಾಗೆಲ್ಲ ಮೂರೇ ಬೆರಳಲ್ಲಿ ಕಾಫಿ ಲೋಟ ಹಿಡಿದು, "ಒಳುಂಗಾ ಪಾರುಡಿ ಕಣ್ಣು, ಸರಿಯಾಗಿ ನೋಡು" ಅನ್ನೋರು.

ನನಗೆ ಎಂಟಾದ ವರ್ಷ ಅಪ್ಪ ಆಸೆ ತೋರಿಸಿದ್ರು. "ಇಪ್ಪತ್ತು ಪಾಸಾದ್ರೆ ನಿನ್ನೂ ಕರ್ಕೊಂಡು ಹೋಗ್ತೀನಿ ಪುಟ್ಟಿ." ಪಾಸಾಗಿದ್ದು ಹದಿನೇಳು. ಎರಡು ದಿನ ಬಿಸಿಲಿಗಿಟ್ಟೆ, ಹೊಸ ಅಕ್ಕೀಲಿ ಹೂತೆ, ಊಹೂಂ. ಶುಕ್ರವಾರ ಸಾಯಂಕಾಲ ಅಪ್ಪನ ಶೇವಿಂಗ್ ಬ್ಲೇಡು ಕದ್ದು ತಂದು ಮೂರು ತೋಟಾದ ಮೈ ಕೆರೆದೆ. ತೂರಿದವು, ಸ್ವಲ್ಪ ಬಿಗಿಯಾಗೇ. ಇಪ್ಪತ್ತನ್ನೂ ಬೆಲ್ಟಿಗೆ ಸಿಕ್ಕಿಸಿ, ಬ್ಲೇಡನ್ನ ಮೊದಲಿದ್ದ ಹಾಗೇ ಇಟ್ಟುಬಂದೆ.

ಬೆಳಿಗ್ಗೆ ನನ್ನ ಮೂಗು ಸೋರ್ತಿತ್ತು. "ಹೆಣ್ಣುಮಗೂನ ಆ ಚಳಿಗೆ, ಆ ಕೆಸರಿಗೆ? ಸಾಧ್ಯಾನೇ ಇಲ್ಲ" ಅಂದ್ಬಿಟ್ರು ಅಮ್ಮ. ನಾನು ಕಂಬಕ್ಕೆ ಒರಗಿ ಮುಖ ಊದಿಸ್ಕೊಂಡು ನಿಂತೆ. ಅಪ್ಪ ಗಡ್ಡ ಬೋಳಿಸ್ಕೊಂಡು ಬಂದ್ರು, ಕುಯ್ದ ಗಲ್ಲಕ್ಕೆ ಪೇಪರ್ ಚೂರು ಅಂಟಿಸಿದ್ರು. ಒಳಗೆ ಹೋಗಿ ಬೆಲ್ಟು ಕಟ್ಕೊಂಡು, ಮೇಲೆ ಕೋಟು ಹಾಕ್ಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟ್ಸ್ ಲೇಸು ಕಟ್ಟೋಕೆ ಶುರು ಮಾಡಿದ್ರು. ಕಟ್ಟೋರು, ಬಿಚ್ಚೋರು, ಮತ್ತೆ ಕಟ್ಟೋರು. ಹೊರಗೆ ಸುಂದರಂ ಮಾಮ ಹಾರನ್ ಹೊಡೀತಾ, "ವಾಪ್ಪಾ, ಎವ್ವಳವು ನೇರಂ! ಬಾರಪ್ಪಾ, ಎಷ್ಟೊತ್ತು!" ಅಂತ ಕೂಗ್ತಿದ್ರು. "ಎಲ್ಲಾ ಸರಿಯಾಗಿ ನೋಡಿದ್ಯಾ ಪುಟ್ಟಿ?" ಅಂದ್ರು ಅಪ್ಪ, ತಲೆ ಎತ್ತದೆ. ನಾನು "ಹೂಂ" ಅಂದೆ. ಹೋಗ್ದೇ ಇರೋ ಸಿಟ್ಟು ಅರ್ಧ, ಹೆದರಿಕೆ ಅರ್ಧ. ಜೀಪು ಹೊರಟು ಬೀದಿ ತಿರುಗಿದ ಮೇಲೆ ಹೆದರಿಕೆ ಒಂದೇ ಉಳೀತು.

ಭಾನುವಾರ ಸಾಯಂಕಾಲ ಬರಬೇಕಿತ್ತು, ಬರಲಿಲ್ಲ. ಅಮ್ಮ ಏನೂ ಆಗದೋರ ಥರ ಅಕ್ಕಿ ಆರಿಸ್ತಿದ್ರು, ಆದ್ರೆ ಒಂದೇ ಮೊರದ ಅಕ್ಕೀನ ಮತ್ತೆ ಮತ್ತೆ ಆರಿಸ್ತಿದ್ರು. ಅವರ ಬೆರಳು ನೋಡಿದ್ರೆ ಸುಂದರಂ ಮಾಮನ ಕೈ ಕಾಣ್ತಿತ್ತು. ಹೇಳಿಬಿಡೋಣ ಅಂತ ಎರಡು ಸಲ ಹತ್ತಿರ ಹೋಗಿ ನೀರು ಕೇಳಿ ಬಂದೆ. ಅನ್ನದ ತುತ್ತು ಬಾಯಿಗಿಟ್ರೆ ತೋಟಾ ಮದ್ದಿನ ವಾಸನೆ.

ಸೋಮವಾರ ಮಧ್ಯಾಹ್ನ ಬಂದ್ರು. ಹಿನ್ನೀರು ಇಳಿದು ದೋಣಿ ಕೆಸರಲ್ಲಿ ಹೂತಿತ್ತಂತೆ, ಅಷ್ಟೇ. ಅಪ್ಪ ಊಟಕ್ಕೆ ಕೂತಾಗ ಎದುರಿಗೆ ಕೂತು ಬೆರಳು ಎಣಿಸಿದೆ. ಹತ್ತೂ ಇತ್ತು. ಆದ್ರೆ ಮುಂದಿನ ವರ್ಷ ಉಂಗುರ ನನ್ನ ಕೈಗೆ ಬರಲಿಲ್ಲ. ಮೊಟ್ಟಮಾಡಿಯಲ್ಲಿ ಅಪ್ಪ ಒಬ್ಬರೇ ಕೂತು ತೋಟಾ ಆರಿಸ್ಕೊಂಡ್ರು. ನಾನು ಮೆಟ್ಟಿಲಲ್ಲೇ ನಿಂತು ನೋಡಿದೆ. ಆಮೇಲೆ ಬಂದೂಕು ಹೋಯ್ತು, ಜೀಪು ಹೋಯ್ತು, ಸುಂದರಂ ಮಾಮ ಹೋದ್ರು, ಅಮ್ಮ ಹೋದ್ರು. ಆ ಹರಳೆಣ್ಣೆ, ಮೇಣದ ವಾಸನೆ ಇದ್ದ ಮನೇನೂ ಈಗಿಲ್ಲ.

ಅಪ್ಪನ ಕೊನೇ ವರ್ಷ, ಕೀಲ್ಪಾಕಿನ ನಮ್ಮನೇಲಿ ಮಂಚದ ಮೇಲೆ ಮಲಗೇ ಇರ್ತಿದ್ರು. ಒಂದು ಮಧ್ಯಾಹ್ನ ಅವರ ಕಾಲು ಒತ್ತುತ್ತಾ ಕೊನೆಗೂ ಬಾಯಿ ಬಿಟ್ಟೆ. "ಅಪ್ಪಾ, ಆ ವರ್ಷ ಮೂರು ತೋಟಾನ ನಾನು ಬ್ಲೇಡಲ್ಲಿ ಕೆರೆದಿದ್ದೆ."

ಅಪ್ಪ ಕಣ್ಣು ಬಿಡದೇನೇ ಅಂದ್ರು: "ಗಡ್ಡ ಬೋಳಿಸುವಾಗಲೇ ಗೊತ್ತಾಯ್ತು ಕಣೆ, ಬ್ಲೇಡಲ್ಲಿ ಕೆಂಪು ಕಾಗದದ ಚೂರಿತ್ತು. ಆ ಮೂರನ್ನ ಬೆಲ್ಟಿಂದ ತೆಗೆದು ಆಗಲೇ ಹಿತ್ತಲ ಬಾವಿಗೆ ಹಾಕಿದ್ದೆ. ನೀನೇ ಹೇಳ್ತೀಯೇನೋ ಅಂತ ಬಾಗಿಲಲ್ಲಿ ಕೂತು ಲೇಸನ್ನ ಮೂರು ಸಲ ಬಿಚ್ಚಿ ಕಟ್ಟಿದೆ. ಈಗ ಬಂದಿದ್ದೀಯ ಹೇಳೋಕೆ, ನನ್ನ ಕಾಲಲ್ಲಿ ಬೂಟ್ಸೇ ಇಲ್ಲ."