ಗಿಣಿಯ ಕೊರಳಿಗೆ ಅರಿಶಿನ

ವಡೆಗೆಂದು ನೆನೆಹಾಕಿದ ಕಡಲೆಬೇಳೆಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಸೊಲ್ಲಾಪುರದ ನಮ್ಮ ಗಿಣಿ ನೆನಪಾಗುತ್ತದೆ. ಆ ಹಸಿ ವಾಸನೆಯ ಬೆನ್ನಿಗೇ, ಗಿಣಿಗೆ ನೆನೆದ ಬೇಳೆ ಹಾಕಿಡುತ್ತಿದ್ದ ತಗಡಿನ ಬಟ್ಟಲು ಪಂಜರದ ಸರಳಿಗೆ ಬಡಿಯುವ ಸದ್ದು, ಅದರ ಬೆನ್ನಿಗೆ ಅಜ್ಜಿಯ ಬೈಗುಳ, ಎಲ್ಲ ಸಾಲಾಗಿ ಬರುತ್ತವೆ. ಎಪ್ಪತ್ತರ ದಶಕದ ಮಾತು. ಅಪ್ಪ ಕೋರ್ಟಿನಲ್ಲಿ ಕಾರಕೂನ. ನಡುವೆ ಅಂಗಳ, ಸುತ್ತ ಬಾಡಿಗೆಯವರು ಇದ್ದ ಹಳೆಯ ವಾಡೆಯಲ್ಲಿ ನಮ್ಮ ಸಂಸಾರ. ಅಪ್ಪ ಹತ್ತಿರದ ಬೋರಾಮಣಿ ಹಳ್ಳಿಯಿಂದ ತಂದಿದ್ದ ಗಿಣಿ ಪಡಸಾಲೆಯ ತೊಲೆಗೆ ತೂಗುತ್ತಿತ್ತು. ಒಂದು ಬಾಗಿಲಿನಿಂದ ಕನ್ನಡ, ಇನ್ನೊಂದರಿಂದ ಮರಾಠಿ ಕೇಳಿ ಬೆಳೆದ ಅದು ಎರಡನ್ನೂ ಕಲಿಯದೆ ಬರೀ ಸಿಳ್ಳೆ ಹಾಕುತ್ತಿತ್ತು.

ಆ ವರ್ಷ ನನ್ನ ಸೋದರತ್ತೆ ಸುಶೀಲತ್ತಿ ಬಾಣಂತನಕ್ಕೆಂದು ಅಕ್ಕಲಕೋಟದಿಂದ ತವರಿಗೆ ಬಂದಳು. ಆಗಲೇ ಇಬ್ಬರು ಹೆಣ್ಣುಮಕ್ಕಳು. ಎರಡನೆಯ ಸಲ ಬಸಿರಾಗಿದ್ದಾಗ ಅವಳ ಅತ್ತೆ ದಾರಕ್ಕೆ ಸೂಜಿ ಕಟ್ಟಿ ಹೊಟ್ಟೆಯ ಮೇಲೆ ಹಿಡಿದಿದ್ದರಂತೆ. ಸೂಜಿ ನೆಟ್ಟಗೆ ತೂಗಿದರೆ ಗಂಡು, ಗುಂಡಗೆ ತಿರುಗಿದರೆ ಹೆಣ್ಣು. ಅದು ತಿರುಗಿದ ದಿನದಿಂದ ಹೆರಿಗೆಯ ತನಕ ಆ ಮನೆಯಲ್ಲಿ ಯಾರೂ ಅವಳೊಡನೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ಈ ಸಲವೂ ಹಾಗಾಗುತ್ತದೆಂದು ಹೆದರಿ ಅತ್ತಿ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಿದ್ದಳೇ ಹೊರತು ಉಣ್ಣುತ್ತಿರಲಿಲ್ಲ.

ವಾಡೆಯ ಹೆಂಗಸರು ಬಿಡಬೇಕಲ್ಲ. ಎದುರು ಖೋಲಿಯಲ್ಲಿ ಬಾಡಿಗೆಗಿದ್ದ, ನಾವೆಲ್ಲ ಕಾಕು ಎನ್ನುತ್ತಿದ್ದ ಮರಾಠಿ ಹೆಂಗಸು ಒಂದು ಮಧ್ಯಾಹ್ನ ಸೂಜಿ ದಾರ ಹಿಡಿದೇ ಬಂದರು. ಅಜ್ಜಿ ಚಹಾ ಕೊಟ್ಟು, ಪಂಜರ ಇಳಿಸಿ ಅವರ ಮುಂದಿಟ್ಟಳು.

"ಮೊದಲ ಈ ಗಿಣಿ ಗಂಡೋ ಹೆಣ್ಣೋ ಹೇಳ್ರಿ. ಗಂಡಾದ್ರ ಒಂದಿಲ್ಲಾ ಒಂದಿನ ಕೊರಳಿಗೆ ಕೆಂಪು ಕಂಠಿ ಬರತದ. ನಿಮ್ಮ ಮಾತು ಖರೇ ಆತಂದ್ರ ಆಮ್ಯಾಲ ನನ್ನ ಮಗಳ ಹೊಟ್ಟಿಗೆ ದಾರ ಹಿಡೀರಿ. ಅಲ್ಲೀತನಕ ಆಕೀನ ಯಾರೂ ಮುಟ್ಟಬ್ಯಾಡ್ರಿ."

ಕಾಕು ಸೂಜಿ ಹಿಡಿದರು. ಗಿಣಿ ದಾರವನ್ನೇ ಕಚ್ಚಿ ಎಳೆಯಿತು. ಎಳೆಯುವ ಮೊದಲು ಗುಂಡಗೆ ತಿರುಗಿತ್ತು, ಹೆಣ್ಣೇ, ಅಂದರು ಕಾಕು. ಅಲ್ಲಿಂದ ಶುರುವಾಯಿತು ನೋಡಿ ಪಂಜರದ ಮುಂದೆ ಜಾತ್ರೆ. ಮೆಣಸಿನಕಾಯಿಯನ್ನು ತುದಿಯಿಂದ ತಿಂದರೆ ಗಂಡು, ತೊಟ್ಟಿನಿಂದ ತಿಂದರೆ ಹೆಣ್ಣು ಎಂದರು ಒಬ್ಬರು. ಬಲಗಾಲಲ್ಲಿ ಹಿಡಿದರೆ ಗಂಡೆಂದರು ಇನ್ನೊಬ್ಬರು. ನಮ್ಮ ಗಿಣಿ ಎಡಗಾಲಲ್ಲಿ ಹಿಡಿದು ತುದಿಯಿಂದ ತಿಂದು ಇಬ್ಬರಿಗೂ ಜಗಳ ಹಚ್ಚಿತು. ಓಣಿಯಲ್ಲಿ ಪಾರಿವಾಳ ಸಾಕಿದವನೊಬ್ಬ ಬಾಲದ ಕೆಳಗಿನ ಎಲುಬು ಮುಟ್ಟಿ ಹೇಳುತ್ತೇನೆಂದು ಬಂದು ಬೆರಳು ಕಚ್ಚಿಸಿಕೊಂಡು ಹೋದ. ಹೆಣ್ಣು ಗಿಣಿ ಮಾತು ಕಲಿಯುವುದಿಲ್ಲ ಎಂದು ಅಪ್ಪ ಅಂದಾಗ ಅಡುಗೆಮನೆಯಿಂದ ಅವ್ವ, ಅಜ್ಜಿ, ಅತ್ತಿ ಮೂವರೂ ಒಟ್ಟಿಗೆ ನಕ್ಕರು. ಆ ಸಲ ತವರಿಗೆ ಬಂದ ಮೇಲೆ ಅತ್ತಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೆಣಸಿನಕಾಯಿ ಕೊಡುವ ಕೆಲಸ ತಾನೇ ವಹಿಸಿಕೊಂಡಳು, ತಟ್ಟೆ ಖಾಲಿ ಮಾಡತೊಡಗಿದಳು.

ಕಡೆಗೆ ಅಕ್ಕಲಕೋಟದಿಂದ ಸುಶೀಲತ್ತಿಯ ಅತ್ತೆಯೇ ಎಸ್‌ಟಿ ಬಸ್ಸು ಹತ್ತಿ ಬಂದರು. ಬಂದ ಕೆಲಸ ಎಲ್ಲರಿಗೂ ಗೊತ್ತು. ಅಜ್ಜಿ ಅವರಿಗೂ ಅದೇ ಕರಾರು ಹೇಳಿದಳು. ಬೀಗತಿ ಮುಖ ಗಂಟಿಕ್ಕಿಕೊಂಡೇ ಗಿಣಿಯ ಮೇಲೆ ಸೂಜಿ ಹಿಡಿದು, ಗಂಡು ಅಂತ ಹೇಳಿ, ಬರಿಗೈಯಲ್ಲಿ ಹೊರಟುಹೋದರು.

ಸ್ವಲ್ಪ ದಿನಕ್ಕೆ ಗಿಣಿಯ ಕೊರಳು ಹಳದಿಯಾಯಿತು. ಅಜ್ಜಿ ದಿನಾ ಬೆಳಗ್ಗೆ ಕುಸುಬಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಿದ್ದಳು. ಕೇಳಿದವರಿಗೆಲ್ಲ ಗಿಣಿಗೆ ನೆಗಡಿ ಎನ್ನುತ್ತಿದ್ದಳು. ಪಂಜರ ಹಿಡಿದುಕೊಳ್ಳುತ್ತಿದ್ದ ನನಗೆ ಮಾತ್ರ ಅರಿಶಿನದ ಅಡಿಯ ತೆಳ್ಳನೆಯ ಕೆಂಪು ಗೆರೆ ಕಂಡಿತ್ತು. ಬಾಯಿ ಬಿಡಬೇಡವೆಂದು ಅಜ್ಜಿ ಕಣ್ಣಲ್ಲೇ ಗದರಿದಳು. ಕಂಠಿ ಬಂದದ್ದು ಗೊತ್ತಾದರೆ ಬೀಗತಿ ಮರುದಿನವೇ ಸೂಜಿ ಸಮೇತ ಹಾಜರಾಗುತ್ತಿದ್ದರು. ಅಷ್ಟು ಸಂತೋಷದ ಗುಟ್ಟನ್ನು ನಾನು ಮತ್ತೆಂದೂ ಕಾಪಾಡಿಲ್ಲ.

ಹೆಣ್ಣೇ ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬೀಗತಿ ಬಂದು ಗೋಡೆಗೆ ಮುಖಮಾಡಿ ಕೂತರು. ಅಜ್ಜಿ ಒದ್ದೆ ಬಟ್ಟೆ ತಂದು ಎಲ್ಲರೆದುರು ಗಿಣಿಯ ಕೊರಳು ಒರೆಸಿದಳು. ಕಂಠಿ ಕೆಂಪಗೆ ಹೊಳೆಯಿತು. ಕಾಕು ಪೆಚ್ಚಾದರು. ಬೀಗತಿಯ ಮುಖ ಅವರಿಗೇ ಗೊತ್ತಿಲ್ಲದೆ ಅರಳಿತು.

"ನಾ ಅವತ್ತೇ ಹೇಳಿದ್ದೆ," ಅಂದರು.

"ನಿಮ್ಮ ಕೈ ಖರೇ ಅದರಿ ಬೀಗರ. ಈಗ ಬೇಕಾದ್ರ ಹಿಡೀರಿ ದಾರ," ಎಂದು ಅಜ್ಜಿ ಕೂಸನ್ನು ಅವರ ತೊಡೆಯ ಮೇಲೆ ಹಾಕಿದಳು.

ಇಡೀ ವಾಡೆ ನಕ್ಕಿತು. ತಡೆಯಲಾರದೆ ಬೀಗತಿಯೂ ನಕ್ಕರು. ಅವರು ಆ ದಿನದಿಂದ ಬದಲಾದರೆಂದರೆ ಸುಳ್ಳು. ಆದರೆ ಕೂಸನ್ನು ಸಂಜೆಯ ತನಕ ಕೆಳಗಿಡಲಿಲ್ಲ.

ಈಗ ಅಜ್ಜಿ ಇಲ್ಲ, ಗಿಣಿ ಇಲ್ಲ, ವಾಡೆಯೂ ಇಲ್ಲ. ನಿಮ್ಮ ಬಾಲ್ಯದ ಮನೆಯೂ ಹೀಗೇ ಹೋಗಿರಬಹುದು, ಒಂದು ವಾಸನೆ ಮಾತ್ರ ಉಳಿದು. ಸುಶೀಲತ್ತಿ ತೀರಿಕೊಳ್ಳುವ ಮುಂಚೆ ನೋಡಲು ಹೋಗಿದ್ದೆ. ಬಳಿ ಕೂತು ಕೈ ಒತ್ತುತ್ತಿದ್ದವಳು ಅದೇ ಮೂರನೆಯ ಮಗಳು. ನಾನು ಗಿಣಿಯ ಮಾತು ತೆಗೆದೆ. ಅತ್ತಿ ಬಹಳ ಹೊತ್ತು ನಕ್ಕಳು. ಆಮೇಲೆ ಮಗಳ ಕಡೆ ನೋಡಿ ಮೆಲ್ಲಗೆ ಹೇಳಿದಳು:

"ಈಕಿ ಹೊಟ್ಟ್ಯಾಗ ಇದ್ದಾಗಷ್ಟ ನಾ ಹೊಟ್ಟಿ ತುಂಬ ಉಂಡಿದ್ದೆ."